ಒಂದೇ ಒಲೆ, ಎರಡು ಚೀಟಿ

ನನ್ನ ರಕ್ತ ತಮ್ಮನಿಗೆ ಹೊಂದಿತು. ಕಿಡ್ನಿಯೂ ಹೊಂದುತ್ತದೆ ಎಂದರು. ಹೊಂದದೇ ಹೋದದ್ದು ನನ್ನ ತೂಕ. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಚಪ್ಪಲಿ ಬಿಟ್ಟು, ಬಳೆ ತೆಗೆದಿಟ್ಟು, ಉಸಿರು ಬಿಗಿಹಿಡಿದು ನಿಂತೆ. ಆದರೂ ಎಂಬತ್ತೊಂದು ತೋರಿಸಿತು.

"ಉಸಿರಿಗೆ ತೂಕ ಇಲ್ಲಮ್ಮ, ಬಿಡಿ," ಎಂದರು ಡಾಕ್ಟರು. "ನಿಮ್ಮ ಎತ್ತರಕ್ಕೆ ಅರವತ್ತೊಂಬತ್ತಕ್ಕೆ ಬಂದ್ರೆ ಆಪರೇಷನ್ ಮಾಡಬಹುದು. ಹನ್ನೆರಡು ಕೇಜಿ."

"ಎಷ್ಟು ದಿನ ಇದೆ ಸಾರ್?"

"ಐದು ತಿಂಗಳು."

ಆಪರೇಷನ್ನಿನ ಖರ್ಚು ಹೊರಲು ಒಂದು ಸಂಸ್ಥೆಯವರು ಒಪ್ಪಿಕೊಂಡಿದ್ದರು. ಅವರ ಪಟ್ಟಿಯಲ್ಲಿ ತಮ್ಮನ ಹೆಸರು ಐದು ತಿಂಗಳು ಇರುತ್ತಿತ್ತು, ಆಮೇಲೆ ಬೇರೆಯವರ ಸರದಿ. ಅಮ್ಮನಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಅಪ್ಪ ಇಲ್ಲ. ನನ್ನ ಗಂಡನೂ ಇಲ್ಲ. ಅವರು ಹೋದ ಮೇಲೆ ನಾನು ಅಮ್ಮ, ತಮ್ಮ ಇದ್ದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಸೇರಿಕೊಂಡಿದ್ದೆ. ಕೊಡಲು ಇದ್ದವಳು ನಾನೊಬ್ಬಳೇ.

"ಅಷ್ಟೇ ತಾನೇ ಸಾರ್, ನಾಳೆಯಿಂದ ಒಂದೇ ಹೊತ್ತು ತಿಂತೀನಿ," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೇ ಬೇಡ ಅನ್ನೋದು. ಹಸಿದು ಇಳಿಸಿದ್ರೆ ರಕ್ತ ಕೆಡುತ್ತೆ, ಕಿಡ್ನಿಗೂ ಪೆಟ್ಟು. ಕೆಟ್ಟ ಕಿಡ್ನಿ ತಗೊಂಡು ನಾವೇನ್ ಮಾಡೋಣ? ತಿಂದು ಇಳಿಸಬೇಕು ನೀವು."

ತಿಂದು ಇಳಿಸುವುದು! ಉಪವಾಸ ಮಾಡು ಎಂದಿದ್ದರೆ ನನಗೆ ಸುಲಭವಿತ್ತು. ಉಪವಾಸಕ್ಕೆ ಕಾಸು ಬೇಡ, ಹಠ ಇದ್ದರೆ ಸಾಕು. ಹಠ ನಮ್ಮ ಮನೆಯಲ್ಲಿ ಬೇಕಾದಷ್ಟಿತ್ತು. ಇಲ್ಲದೇ ಇದ್ದದ್ದು ಕಾಸು.

ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದ. ವಿಷಯ ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಂದು ಕಿಡ್ನಿ ನೂರೈವತ್ತು ಗ್ರಾಂ ಇರೋದಂತೆ. ಅದಕ್ಕೆ ಹನ್ನೆರಡು ಕೇಜಿ ಪ್ಯಾಕಿಂಗ್ ಬಿಚ್ಚಬೇಕಾ ಡ್ರಮ್ಮು?"

ಡ್ರಮ್ಮು ಎಂದರೆ ನಾನು. ಅವನಿಗೆ ಐದು ವರ್ಷ ಇದ್ದಾಗಿನಿಂದ ಅದೇ ಹೆಸರು.

ಊಟದ ವಿಷಯ ಹೇಳಲು ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಇದ್ದಳು. ಎಲ್ಲರೂ ಅವಳನ್ನು ಊಟದ ಮೇಡಂ ಎನ್ನುತ್ತಿದ್ದರು. ಅವಳು ನಮಗೆ ಎರಡು ಚೀಟಿ ಕೊಟ್ಟಳು, ಒಂದು ಅವನಿಗೆ, ಒಂದು ನನಗೆ. ನನ್ನದರಲ್ಲಿ ಸೊಪ್ಪು ಹೆಚ್ಚು ತಿನ್ನಿ, ಕಾಳು ತಿನ್ನಿ, ಟೊಮೆಟೊ ತಿನ್ನಿ, ದಿನಕ್ಕೊಂದು ಬಾಳೆಹಣ್ಣು, ನೀರು ಧಾರಾಳ ಎಂದಿತ್ತು. ಅವನದರಲ್ಲಿ ಸೊಪ್ಪು ಬೇಡ, ಟೊಮೆಟೊ ಬೇಡ, ಬಾಳೆಹಣ್ಣು ಮುಟ್ಟಲೇಬೇಡಿ, ಕಾಳು ಅಳತೆಗೆ, ಉಪ್ಪು ಇಲ್ಲ, ಕುಡಿಯುವುದೆಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು. ನೀರಿನ ಅಳತೆ ಕಾಯಿಲೆ ಶುರುವಾದ ಎರಡು ವರ್ಷದಿಂದಲೂ ಅವನಿಗಿತ್ತು, ಉಳಿದದ್ದು ಈಗ ಬಿಗಿಯಾಯಿತು.

"ನಿನ್ನ ಚೀಟಿ ತಲೆಕೆಳಗು ಹಿಡಿದ್ರೆ ನನ್ನ ಚೀಟಿ," ಎಂದ ತಮ್ಮ. "ನಾವಿಬ್ರೂ ಸೇರಿದ್ರೆ ಒಬ್ಬ ಸರಿಯಾದ ಮನುಷ್ಯ ಆಗ್ತೀವಿ ನೋಡು."

ಊಟದ ಮೇಡಂ ನಗಲಿಲ್ಲ. ತರಕಾರಿಯಲ್ಲಿ ಪೊಟ್ಯಾಸಿಯಂ ಎಂಬ ಲವಣ ಇರುತ್ತದೆ, ನಿಮ್ಮ ಮೈಯಿಂದ ಅದು ಹೊರಗೆ ಹೋಗುತ್ತದೆ, ಅವರ ಮೈಯಿಂದ ಹೋಗುವುದಿಲ್ಲ, ಹೆಚ್ಚಾದರೆ ಎದೆ ಬಡಿತವೇ ನಿಲ್ಲುತ್ತದೆ ಎಂದು ನಮ್ಮಿಬ್ಬರ ಮುಖ ನೋಡಿಕೊಂಡು ಎರಡು ಸಲ ಹೇಳಿದಳು. ಅವನಿಗೆ ತರಕಾರಿ ಕೊಡುವುದಾದರೆ ಸಣ್ಣಗೆ ಹೆಚ್ಚಿ, ನೆನೆಸಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ ಕೊಡಬೇಕು. ಲವಣವೆಲ್ಲ ನೀರಿಗೆ ಇಳಿದಿರುತ್ತದೆ. ನಾನು ಕೇಳಿಸಿಕೊಂಡೆ, ತಮ್ಮನೂ ಕೇಳಿಸಿಕೊಂಡ. ಅಮ್ಮ ಆವತ್ತು ಬಂದಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಪೈಪಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ. ಬೆಳಿಗ್ಗೆ ಆರೂವರೆಯಿಂದ ಸಂಜೆ ನಾಲ್ಕರವರೆಗೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು. ಅಡುಗೆಮನೆಯವರಿಗೆ ಎರಡು ಹೊತ್ತಿನ ಊಟ ಪುಕ್ಕಟೆ, ಅದೂ ಸಂಬಳದ ಒಂದು ಭಾಗ ಇದ್ದ ಹಾಗೆ. ಎಲ್ಲರೂ ಉಂಡು ಮಿಕ್ಕಿದ್ದು ಬೆಳ್ಳಗಿನ ಅನ್ನ, ಎಣ್ಣೆಯಲ್ಲಿ ಮುಳುಗಿದ ಆಲೂಗಡ್ಡೆ, ಸಂಜೆಯ ಕರಿದದ್ದು. ಎಂಟು ವರ್ಷ ಅದನ್ನು ತಿಂದೇ ನಾನು ಎಂಬತ್ತೊಂದಕ್ಕೆ ಬಂದಿದ್ದೆ. ಬಡವರು ತೆಳ್ಳಗಿರುತ್ತಾರೆ ಎಂದು ಯಾರು ಹೇಳಿದರೋ! ಅಗ್ಗದ ಊಟದ ಹಾಗೆ ಮೈಗೆ ಹತ್ತುವುದು ಬೇರೆ ಯಾವುದೂ ಇಲ್ಲ. ಈಗ ಆ ಪುಕ್ಕಟೆ ಊಟ ಬಿಟ್ಟು ನನ್ನ ಊಟ ನಾನೇ ಕೊಳ್ಳಬೇಕಿತ್ತು.

ಮೊದಲ ದಿನ ನಾನು ಮನೆಯಿಂದ ಒಯ್ದ ಡಬ್ಬಿ ತೆರೆದಾಗ ಅಡುಗೆ ಮೇಸ್ತ್ರಿ ಬಗ್ಗಿ ನೋಡಿದರು. ಎರಡು ಹಿಡಿ ಮೊಳಕೆ ಕಾಳು, ಒಂದು ಸೌತೆಕಾಯಿ.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾಕೆ ಎಂದು ಹೇಳಿದೆ. ಅವರು ಸೌಟು ತೊಳೆಯಲು ಹೋದರು.

ಮಾರನೆಯ ದಿನದಿಂದ ಮೊಟ್ಟೆಯ ತಟ್ಟೆ ಇಳಿಸುವಾಗ ಅವರ ಕೈ ನಡುಗಲು ಶುರುವಾಯಿತು. ದಿನಕ್ಕೆ ಎರಡು ಮೊಟ್ಟೆಗೆ ತಪ್ಪದೆ ಬಿರುಕು ಬರುತ್ತಿತ್ತು. ಬಿರುಕು ಬಿಟ್ಟದ್ದನ್ನು ಕಾರ್ಮಿಕರಿಗೆ ಬಡಿಸುವ ಹಾಗಿಲ್ಲ. "ಏನ್ ಕಾಲ ಬಂತಪ್ಪ, ಕೋಳಿಗಳಿಗೂ ಸುಣ್ಣದಂಶ ಕಮ್ಮಿ," ಎಂದು ಗೊಣಗುತ್ತಾ ನನ್ನ ಕಡೆ ತಳ್ಳುತ್ತಿದ್ದರು.

ಕಣ್ಣು ಬಿಟ್ಟು ನೋಡಿದರೆ ಒಳ್ಳೆಯ ಊಟವೆಲ್ಲ ಕಸದ ಬುಟ್ಟಿಗೇ ಹೋಗುತ್ತಿತ್ತು. ಕೋಸಿನ ಹೊರ ಎಲೆ, ಮೂಲಂಗಿಯ ಸೊಪ್ಪು, ಹೂಕೋಸಿನ ದಂಟು, ಇವನ್ನೆಲ್ಲ ನಾನೇ ಎಂಟು ವರ್ಷ ಕತ್ತರಿಸಿ ಎಸೆದಿದ್ದೆ. ಈಗ ಆರಿಸಿ ಚೀಲಕ್ಕೆ ಹಾಕಿಕೊಂಡೆ. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಸೊಪ್ಪಿನವಳು ಎರಡು ಕಟ್ಟಿಗೆ ಮೂರು ಕೊಡುತ್ತಿದ್ದಳು. ಬಸ್ಸು ಬಿಟ್ಟು ನಡೆದೆ. ಕೊಳ್ಳಬೇಕಾದದ್ದು ಕಾಳು, ಮೊಸರು, ಬಾಳೆಹಣ್ಣು ಅಷ್ಟೇ. ಬಸ್ಸಿನ ದುಡ್ಡಿನಲ್ಲಿ ಅದು ಬರುತ್ತಿತ್ತು. ದೊಡ್ಡ ತಟ್ಟೆ ಎತ್ತಿಟ್ಟು ಅಮ್ಮ ಎಲೆಯಡಿಕೆ ಇಟ್ಟುಕೊಳ್ಳುತ್ತಿದ್ದ ಚಿಕ್ಕ ತಟ್ಟೆಯಲ್ಲಿ ಉಂಡೆ. ಆದರೂ ಮೊದಲ ಹದಿನೈದು ದಿನ ನನಗೆ ಕನಸಿನಲ್ಲಿ ಬರುತ್ತಿದ್ದದ್ದು ಅನ್ನ. ಬರೀ ಅನ್ನ, ಪಕ್ಕದಲ್ಲಿ ಏನೂ ಇಲ್ಲ.

ಮನೆಯಲ್ಲಿ ಒಲೆ ಒಂದೇ. ಸಿಲಿಂಡರು ತಿಂಗಳಿಗೆ ಒಂದೇ ಸಾಕಾಗಬೇಕು. ಎರಡು ಚೀಟಿಯ ಅಡುಗೆಯನ್ನು ಅದರ ಮೇಲೆ ಹೇಗೆ ಮಾಡುವುದು? ನಾನು ಒಂದು ಉಪಾಯ ಕಂಡುಕೊಂಡೆ. ಬೆಳಿಗ್ಗೆ ಐದಕ್ಕೆ ಎದ್ದು ತಮ್ಮನ ತರಕಾರಿಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಬಸಿಯುತ್ತಿದ್ದೆ. ಬಸಿದ ಬಿಸಿನೀರನ್ನು ಚೆಲ್ಲುವ ಬದಲು ಅದರಲ್ಲೇ ನನ್ನ ಸೊಪ್ಪು, ಕಾಳು ಬೇಯಿಸುತ್ತಿದ್ದೆ. ಕಾದ ನೀರಾದ್ದರಿಂದ ಗ್ಯಾಸೂ ಉಳಿಯುತ್ತಿತ್ತು. ಅದನ್ನೂ ಬಸಿದರೆ ಹಸಿರಾದ ದಪ್ಪ ನೀರು ಉಳಿಯುತ್ತಿತ್ತು. ಮೆಣಸು ಕುಟ್ಟಿ ಹಾಕಿ, ನಿಂಬೆ ಹಿಂಡಿ ಬೆಳಿಗ್ಗೆ ಎರಡು ಲೋಟ, ಸಂಜೆ ಎರಡು ಲೋಟ ಕುಡಿಯುತ್ತಿದ್ದೆ. ಹೊಟ್ಟೆ ಭಾರವಾಗಿ ಹಸಿವು ಅಡಗುತ್ತಿತ್ತು. ಊಟದ ಮೇಡಂ ಕೇಳಿ, "ನಿಮಗೆ ಬಹಳ ಒಳ್ಳೇದು ಅಕ್ಕ, ಬಿಡಬೇಡಿ," ಎಂದಳು.

ಅಮ್ಮ ಬಾಗಿಲ ಹತ್ತಿರ ಕೂತು ಇದನ್ನೆಲ್ಲ ದಿನಾ ನೋಡುತ್ತಿದ್ದಳು.

"ಅಲ್ವೇ, ಸತ್ವ ಎಲ್ಲ ಆ ನೀರಿಗೆ ಇಳಿಯುತ್ತಲ್ಲ? ಸತ್ವ ನಿನಗೆ, ಚರಟ ಅವನಿಗಾ?"

"ಅವನಿಗೆ ನೀರು ಆಗಲ್ಲಮ್ಮ. ನೀರು ಜಾಸ್ತಿಯಾದ್ರೆ ಮೈ ಊದುತ್ತೆ, ನೋಡಿದೀಯಲ್ಲ."

"ಅದೂ ನಿಜ ಅನ್ನು," ಎಂದಳು ಅಮ್ಮ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ. ಲವಣದ ವಿಷಯ ಬಿಡಿಸಿ ಹೇಳಬೇಕಿದ್ದರೆ ಕೂತು ಹೇಳಬೇಕಿತ್ತು. ಅಮ್ಮ ಹತ್ತು ಪ್ರಶ್ನೆ ಕೇಳುತ್ತಿದ್ದಳು, ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಓದು ಬಾರದವರಿಗೆ ತಿಳಿಯುವುದಿಲ್ಲ ಎಂದು ಅಂದುಕೊಂಡೆನೋ ಏನೋ. ನನ್ನ ಓದೇನು ಮಹಾ, ಏಳನೇ ಕ್ಲಾಸು.

ತಮ್ಮ ಮೋಟಾರು ವೈಂಡಿಂಗ್ ಕೆಲಸದವನು. ಸುಟ್ಟುಹೋದ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸದನ್ನು ಎಣಿಸಿ ಎಣಿಸಿ ಸುತ್ತುವುದು. ಒಂದು ಸುತ್ತು ಹೆಚ್ಚುಕಮ್ಮಿ ಆದರೆ ಮೋಟಾರು ಬಿಸಿಯಾಗುತ್ತದೆ. ಎಣಿಸುವಾಗ ಪಕ್ಕದಲ್ಲಿ ಪಟಾಕಿ ಹೊಡೆದರೂ ಅವನ ಲೆಕ್ಕ ತಪ್ಪುತ್ತಿರಲಿಲ್ಲ. ತನ್ನ ನೀರಿನ ಬಾಟಲಿಗೆ ಮೊಳೆಯಿಂದ ಆರು ಗೆರೆ ಕೊರೆದುಕೊಂಡಿದ್ದ. ಎರಡು ಗಂಟೆಗೆ ಒಂದು ಗೆರೆ. ಬೇಸಿಗೆಯಲ್ಲಿ ತುಟಿ ಒಡೆದು ರಕ್ತ ಬಂದರೂ ಗೆರೆ ದಾಟಿದವನಲ್ಲ. ಅಂಗಡಿಗೆ ಎಲ್ಲರಿಗೂ ಚಹಾ ಬಂದಾಗ ಮುಖ ತಿರುಗಿಸಿ ತಂತಿ ಸುತ್ತುತ್ತಿದ್ದನಂತೆ. ಅಂಗಡಿಯ ಯಜಮಾನರೇ ಹೇಳಿದ್ದು.

ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು ಬರುತ್ತಿದ್ದ. ಮೂರು ಸಲ ಆಗಬೇಕು ಎನ್ನುತ್ತಿದ್ದರು, ನಮಗೆ ಎರಡೇ ಆಗುತ್ತಿತ್ತು. ಬಂದ ದಿನ ಗೋಡೆಗೆ ಒರಗಿ ಕೂತು ಉಪ್ಪಿಲ್ಲದ ಊಟದ ಮುಂದೆ ಏನಾದರೂ ತಮಾಷೆ ಮಾಡುತ್ತಿದ್ದ.

"ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ದೇವರಿಲ್ಲ ಅಂತಾರೆ. ಈಗ ಉಪ್ಪು ಹೋಯ್ತು. ನೀನೊಬ್ಳೇ ಉಳಿದಿರೋದು ನೋಡಮ್ಮ."

"ಸುಮ್ನೆ ಉಣ್ಣೋ," ಎನ್ನುತ್ತಿದ್ದಳು ಅಮ್ಮ, ಸೆರಗಿನಲ್ಲಿ ಮುಖ ಮರೆಸಿಕೊಂಡು.

ಎರಡನೇ ತಿಂಗಳ ಕೊನೆಗೆ ಎಪ್ಪತ್ತಾರಕ್ಕೆ ಬಂದಿದ್ದೆ. ಅಲ್ಲಿಗೆ ನಿಂತಿತು. ಮೂರು ವಾರ ಅದೇ ಅಂಕಿ. ಒಂದು ಮಧ್ಯಾಹ್ನ ಕ್ಯಾಂಟೀನಿನ ದಿನಸಿ ಕೋಣೆಯಲ್ಲಿ ಅಕ್ಕಿ ಮೂಟೆಗಳ ಹಿಂದೆ ನಿಂತು, ಸಂಜೆಗೆಂದು ಕರಿದಿಟ್ಟಿದ್ದ ಆಲೂಗಡ್ಡೆಯನ್ನು ಬಕಾಸುರನ ಹಾಗೆ ತಿಂದುಬಿಟ್ಟೆ. ತಿಂದು ಕೈ ನೆಕ್ಕಿಕೊಂಡು ಅತ್ತೆ. ಮನೆಗೆ ಬಂದು ತಮ್ಮನಿಗೆ ಹೇಳಿದೆ. ಯಾರಿಗೆ ಹೇಳದಿದ್ದರೂ ಅವನಿಗೆ ಹೇಳಬೇಕಲ್ಲ, ಅವನ ಪಾಲಿನದನ್ನೇ ತಿಂದ ಹಾಗೆ ಅದು.

"ಎಷ್ಟು ತಿಂದೆ?"

"ಎಣಿಸಲಿಲ್ಲ ಕಣೋ."

"ಅದೇ ತಪ್ಪು, ಎಣಿಸಬೇಕಿತ್ತು," ಎಂದು ನಕ್ಕ. ಆಮೇಲೆ ಹೇಳಿದ, "ನೋಡು ಡ್ರಮ್ಮು, ಸುತ್ತು ತಪ್ಪಿತು ಅಂತ ನಾವು ಪೂರ್ತಿ ಬಿಚ್ಚಲ್ಲ. ಎಲ್ಲಿ ತಪ್ಪಿತೋ ಅಲ್ಲಿಗೆ ಬಂದು ಮತ್ತೆ ಅಲ್ಲಿಂದ ಸುತ್ತೋದು. ನಾಳೆ ಬೆಳಿಗ್ಗೆ ಎದ್ದು ಸುತ್ತು."

ಸುತ್ತಿದೆ. ಎಪ್ಪತ್ತೈದು, ಎಪ್ಪತ್ಮೂರು. ರವಿಕೆಗಳು ಸಡಿಲಾದವು, ಅಮ್ಮ ಒಂದೊಂದಾಗಿ ಕೈಯಲ್ಲೇ ಹೊಲಿಗೆ ಹಾಕಿ ಬಿಗಿ ಮಾಡಿದಳು. ಉಂಗುರ ಸೋಪಿನ ನೀರಿನಲ್ಲಿ ಜಾರಿ ಹೋಗಿ ಇಡೀ ಅಡುಗೆಮನೆ ಹುಡುಕಿತು. ನಾಲ್ಕು ತಿಂಗಳು ಮುಗಿದು ಒಂದು ವಾರಕ್ಕೆ ಎಪ್ಪತ್ತೊಂದು. ನನ್ನ ರಕ್ತ ನೋಡಿ ಡಾಕ್ಟರು, "ಇದನ್ನ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಬೇಕು," ಎಂದರು. "ಇನ್ನೆರಡು ಕೇಜಿ. ಮೂರು ವಾರದಲ್ಲಿ ದಿನ ಗೊತ್ತು ಮಾಡೋಣ. ಇಬ್ಬರೂ ಗಟ್ಟಿಯಾಗಿರಬೇಕು."

ಆ ಮಂಗಳವಾರ ಸಂಜೆ ನಾನು ಮನೆಗೆ ಓಡಿಕೊಂಡೇ ಬಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಅಮ್ಮನಿಗೆ ಹೇಳಿದೆ, ಇಬ್ಬರೂ ಗಟ್ಟಿಯಾಗಿರಬೇಕು ಎಂದದ್ದನ್ನೂ ಸೇರಿಸಿ. ಪಕ್ಕದ ಮನೆಯ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನ್ ಕಳೆ ಬಂದಿದೆಯೇ ನಿನ್ನ ಮುಖಕ್ಕೆ! ಹತ್ತು ವರ್ಷ ಚಿಕ್ಕೋಳಾಗಿದೀಯ," ಎಂದರು. ಆಮೇಲೆ ಒಳಗೆ ಮಲಗಿದ್ದ ತಮ್ಮನ ಕಡೆ ನೋಡಿ ದನಿ ತಗ್ಗಿಸಿದರು. "ಪಾಪ, ಇವನೊಬ್ಬ ಕರಗಿ ಹೋಗ್ತಿದಾನೆ."

ಅಮ್ಮ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದಳು.

ಅದಾದ ಎರಡು ಮೂರು ದಿನಕ್ಕೆ ನನ್ನ ಸಂಜೆಯ ನೀರು ತೆಳ್ಳಗಿದೆ ಅನ್ನಿಸಿತು. ಹಸಿರು ಬಣ್ಣವೇ ಇಲ್ಲ. ಸೊಪ್ಪು ಬಾಡಿರಬೇಕು ಅಂದುಕೊಂಡೆ. ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇರಬೇಕು, ಮೇಸ್ತ್ರಿ ಫೋನು ತಂದು ನನ್ನ ಕೈಗೆ ಕೊಟ್ಟರು. ವೈಂಡಿಂಗ್ ಅಂಗಡಿಯ ಯಜಮಾನರು. "ನಿನ್ನ ತಮ್ಮನಿಗೆ ಕಾಲು ಎತ್ತಕ್ಕೆ ಆಗ್ತಿಲ್ಲಮ್ಮ. ಸ್ಟೂಲಿಂದ ಏಳಕ್ಕೆ ಹೋಗಿ ಕುಸಿದ. ಆಟೋದಲ್ಲಿ ಕರ್ಕೊಂಡು ಹೋಗ್ತಿದೀನಿ, ನೇರ ಆಸ್ಪತ್ರೆಗೆ ಬಾ."

ನಾನು ಹೋಗುವ ಹೊತ್ತಿಗೆ ಅವನನ್ನು ಒಳಗೆ ತೆಗೆದುಕೊಂಡಿದ್ದರು. ಯಜಮಾನರು ಔಷಧಿ ತರಲು ಕೆಳಗೆ ಓಡಿದ್ದರು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಹೊರಗೆ ಬಂದು, ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ, ಇಳಿಸುವ ಇಂಜೆಕ್ಷನ್ ಹಾಕಿದ್ದೇವೆ, ಯಂತ್ರ ಸಿದ್ಧ ಮಾಡುತ್ತಿದ್ದೇವೆ ಎಂದು ಹೇಳಿ ಮತ್ತೆ ಒಳಗೆ ಹೋದ. ಅಷ್ಟರಲ್ಲಿ ಪಕ್ಕದ ಮನೆಯವರು ಅಮ್ಮನನ್ನು ಕರೆತಂದು ನನ್ನ ಪಕ್ಕ ಕೂರಿಸಿ, ಮಕ್ಕಳು ಊಟಕ್ಕೆ ಶಾಲೆಯಿಂದ ಬರುತ್ತಾರೆಂದು ಹೊರಟರು.

ಆಸ್ಪತ್ರೆಯೊಳಗಿನ ಉದ್ದನೆಯ ಓಣಿ, ಗೋಡೆಗೆ ಕಟ್ಟಿದ ಕಬ್ಬಿಣದ ಕುರ್ಚಿಗಳು. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಹೆದರ್ಕೋಬೇಡ್ವೇ. ಅವನ ಮೈಯಲ್ಲಿ ಶಕ್ತಿ ಇದೆ, ತಡ್ಕೋತಾನೆ."

"ಹೂಂ."

"ನಿನಗೆ ಹೇಳಿರಲಿಲ್ಲ. ಬೈತೀಯ ಅಂತ. ಬುಧವಾರದಿಂದ ಅವನಿಗೂ ಆ ನೀರು ಕೊಡ್ತಿದೀನಿ."

ನಾನು ತಿರುಗಿ ನೋಡಿದೆ.

"ನೀರು ಜಾಸ್ತಿ ಮಾಡ್ಲಿಲ್ಲ ಕಣೇ!" ಎಂದಳು ಅಮ್ಮ ಗಾಬರಿಯಿಂದ. "ಒಂದು ಗೆರೆನೂ ದಾಟಿಸ್ಲಿಲ್ಲ. ನಿನ್ನ ಸಂಜೆ ಪಾಲಿನ ಎರಡು ಲೋಟನ ಒಲೆ ಮೇಲಿಟ್ಟು ಬತ್ತಿಸಿ ಬತ್ತಿಸಿ ಅರ್ಧ ಲೋಟ ಮಾಡ್ದೆ. ಅಷ್ಟು ನೀರನ್ನ ಅವನ ಬಾಟ್ಲಿಯಿಂದ ಚೆಲ್ಲಿ, ಇದನ್ನ ತುಂಬಿಸ್ದೆ. ಅಳತೆಗೆ ಅಳತೆ ಸರಿ. ಶನಿವಾರ, ಭಾನುವಾರ ನೀನು ಸಂತೆಗೆ ಹೋದಾಗ ಇನ್ನೂ ಸ್ವಲ್ಪ ಗಟ್ಟಿ ಮಾಡಿ ಕೊಟ್ಟೆ. ನಿನ್ನ ಪಾತ್ರೆಗೆ ಬರೀ ನೀರು ಹಾಕಿಟ್ಟೆ, ಪಾಪ, ನೀನೂ ಎಲ್ಲ ಅವನಿಗೋಸ್ಕರ ತಾನೇ ಮಾಡ್ತಿರೋದು."

"ಅವನು ಏನೂ ಕೇಳ್ಲಿಲ್ವಾ?"

"ಜೀರಿಗೆ ಹಾಕಿ ಕುದಿಸಿದ ನೀರು ಅಂದೆ. ಅಕ್ಕನ ಪಾಲು ಅಂದಿದ್ರೆ ಮುಟ್ತಿದ್ನಾ ಅವನು? ಚೆನ್ನಾಗಿದೆ ಕಣಮ್ಮ, ಬಾಯಿಗೆ ರುಚಿ ಬಂತು ಅಂದ." ಅಮ್ಮನ ಮುಖ ಅಷ್ಟು ಭಯದಲ್ಲೂ ಒಂದು ಕ್ಷಣ ಬೆಳಗಿತು. "ಡಾಕ್ಟ್ರಿಗೆ ಹೇಳು. ಒಳಗೆ ಸತ್ವ ಇದೆ ಅಂತ ಅವರಿಗೂ ಗೊತ್ತಾಗ್ಲಿ."

ಈ ಹೆಂಗಸು ಯಾವ ಡಾಕ್ಟರಿಗಿಂತ ಕಡಿಮೆ ಯೋಚಿಸಿದಳು? ನೀರು ಹೆಚ್ಚಾಗಬಾರದು ಎಂದು ಮಗಳು ಹೇಳಿದ್ದಳು. ನೀರನ್ನು ಹೆಚ್ಚಿಸದೆ ಸತ್ವವನ್ನು ಮಾತ್ರ ದಾಟಿಸುವ ದಾರಿ ಹುಡುಕಿದಳು. ನಾನು ಕೊಟ್ಟ ಅರ್ಧ ಮಾತಿನ ಮೇಲೆ ಅವಳು ಒಂದು ತಪ್ಪೂ ಮಾಡಲಿಲ್ಲ.

ಕಾಲು ಗಂಟೆಯೂ ಆಗಿರಲಿಲ್ಲ, ಬಾಗಿಲು ತೆರೆಯಿತು. ಚಿಕ್ಕ ಡಾಕ್ಟರ್ ಮುಖದ ಬಟ್ಟೆ ಕೆಳಗೆಳೆದುಕೊಂಡು ಬಂದ. ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಎದೆ ನಿಂತಿತು, ಮೂರು ಸಲ ಎಬ್ಬಿಸಿದೆವು, ನಾಲ್ಕನೇ ಸಲ ಆಗಲಿಲ್ಲ ಎಂದ.

ಅಮ್ಮ ಅರ್ಥವಾಗದವಳ ಹಾಗೆ ಅವನ ಬಾಯಿಯನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಕಾಗದ ಹಿಡಿದು ಮತ್ತೆ ಬಂದ. ಒಳ್ಳೆಯ ಹುಡುಗ, ನಮ್ಮ ಮುಂದೆ ಮಂಡಿಯೂರಿ ಕೂತು ಕೇಳಿದ. "ಇದನ್ನ ನಾನು ಬರೀಲೇಬೇಕು. ಶುಕ್ರವಾರ ಸರಿಯಾಗೇ ಇದ್ದರು. ಮೂರು ದಿನದಲ್ಲಿ ಇಷ್ಟು ಏರಬೇಕಾದ್ರೆ ಏನೋ ತಿಂದಿದ್ದಾರೆ, ಅಥವಾ ಕುಡಿದಿದ್ದಾರೆ. ನಿಮಗೆ ಗೊತ್ತಾ?"

ಅಮ್ಮ ತಲೆ ಎತ್ತಿದಳು. ಅವಳ ತುಟಿ ಅಲುಗಿತು. ಅವಳು ಹೇಳುವವಳಿದ್ದಳು, ಯಾವ ಅನುಮಾನವೂ ಇಲ್ಲದೆ. ಹೇಳಿದ್ದರೆ ಆ ಹುಡುಗ ಮುಚ್ಚಿಡುತ್ತಿರಲಿಲ್ಲ. ಅದೇ ಕಾರಣ ಅಮ್ಮ ಎಂದು ಮೆಲ್ಲಗೆ, ಬಿಡಿಸಿ, ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳುತ್ತಿದ್ದ.

"ಬಾಳೆಹಣ್ಣು," ಎಂದೆ ನಾನು.

"ಎಷ್ಟು?"

"ಅಂಗಡಿ ಪಕ್ಕ ತಳ್ಳುಗಾಡಿ ನಿಲ್ಲುತ್ತೆ. ಬಾಯಿ ತಡೀಲಿಲ್ಲ ಅವನಿಗೆ. ಕದ್ದು ತಿಂತಿದ್ದ, ದಿನಾ ನಾಲ್ಕೈದು. ನನಗೆ ಬೈದು ಬೈದು ಸಾಕಾಗಿತ್ತು."

ಡಾಕ್ಟರ್ ಬರೆದುಕೊಂಡ. ಪೆನ್ನಿನ ಸದ್ದು ನಿಲ್ಲುವವರೆಗೆ ನಾನು ಅವನ ಕೈಯನ್ನೇ ನೋಡಿದೆ. ಆಗ ಅಮ್ಮ ಹಣೆ ಹಣೆ ಬಡಿದುಕೊಂಡು ಅತ್ತಳು. "ಅಯ್ಯೋ ಪಾಪಿ, ನಾಲಿಗೆ ಕಟ್ಟಕ್ಕೆ ಆಗ್ಲಿಲ್ವೇನೋ! ಮೂರು ವಾರ ತಡೀಲಿಲ್ವಲ್ಲೋ! ನಾನು ಕೊಟ್ಟಿದ್ದನ್ನೂ ಮಣ್ಣುಪಾಲು ಮಾಡ್ದೆಯಲ್ಲೋ!"

ಆಮೇಲಿನ ದಿನಗಳಲ್ಲಿ ಮನೆಗೆ ಬಂದ ಪ್ರತಿಯೊಬ್ಬರಿಗೂ ಅಮ್ಮ ಅದನ್ನೇ ಹೇಳಿದಳು. ನಮ್ಮವನಿಗೆ ಎಲ್ಲ ಒಳ್ಳೆಯ ಗುಣ ಇತ್ತು, ಬಾಯಿಚಪಲ ಒಂದು ಕೊಂದಿತು. ಇವಳು ನೋಡಿ, ಹತ್ತು ಕೇಜಿ ಇಳಿಸಿದಳು. ಅವನಿಗೆ ಒಂದು ಬಾಳೆಹಣ್ಣು ಬಿಡಲು ಆಗಲಿಲ್ಲ. ಕೇಳಿದವರು ಲೊಚಗುಟ್ಟಿದರು. ಮೇಸ್ತ್ರಿ ಬಂದವರು, "ನಾಲಿಗೆ ಅನ್ನೋದು ಹಾಗೇ ಅಮ್ಮ, ನಾನು ದಿನಾ ನೋಡ್ತೀನಲ್ಲ," ಎಂದು ಸಮಾಧಾನ ಹೇಳಿ ಹೋದರು. ಇಪ್ಪತ್ತೆಂಟು ತಿಂಗಳು ಗೆರೆ ದಾಟದ ನನ್ನ ತಮ್ಮ ಒಂದೇ ವಾರದಲ್ಲಿ ಓಣಿಗೆಲ್ಲ ಹೊಟ್ಟೆಬಾಕನಾದ. ನಾನು ಚಾಪೆಯ ತುದಿಯಲ್ಲಿ ಕೂತು ಹೂಂ ಎನ್ನುತ್ತಿದ್ದೆ.

ಎಂಟನೇ ದಿನ ವೈಂಡಿಂಗ್ ಅಂಗಡಿಯ ಯಜಮಾನರು ಅವನ ಕತ್ತರಿ, ಇಕ್ಕಳ, ಅರ್ಧ ಸುತ್ತಿದ ಒಂದು ತಂತಿಯ ಕಾಯಿಲು ಎಲ್ಲ ಒಂದು ಚೀಲದಲ್ಲಿ ತಂದರು. ಅವರಿಗೂ ಅಮ್ಮ ಶುರು ಮಾಡಿದಳು. ಅವರು ಅರ್ಧದಲ್ಲೇ ಕೈ ಎತ್ತಿ ತಡೆದರು.

"ಬಾಳೆಹಣ್ಣಾ? ಯಾರು ಹೇಳಿದ್ದು?"

ಅಮ್ಮ ನನ್ನ ಕಡೆ ನೋಡಿದಳು.

"ತಾಯಿ, ನನ್ನ ಎದುರಿಗೆ ಕೂತು ಕೆಲಸ ಮಾಡ್ತಿದ್ದ ಹುಡುಗ ಅವನು. ಹನ್ನೊಂದು ವರ್ಷ. ಈ ಕಾಯಿಲೆ ಬಂದ ಮೇಲೆ ಒಂದು ಕಡಲೆಕಾಯಿ ಬಾಯಿಗೆ ಹಾಕ್ಕೊಂಡಿದ್ದು ನಾನು ನೋಡಿಲ್ಲ. ಗಾಡಿಯವನನ್ನ ಬೇಕಾದ್ರೆ ಕರೆಸ್ತೀನಿ, ಕೇಳಿ. ಆ ಬಾಟ್ಲಿ ಬಿಟ್ಟು ಬೇರೇನೂ ಅವನ ಬಾಯಿ ಹತ್ರ ಹೋಗ್ತಿರಲಿಲ್ಲ."

ಅಮ್ಮನ ಕಣ್ಣು ನನ್ನ ಮೇಲೆಯೇ ಇತ್ತು. ಅದರಲ್ಲಿ ಇನ್ನೂ ಅನುಮಾನ ಇರಲಿಲ್ಲ, ಪ್ರಶ್ನೆ ಇತ್ತು. ಬಾಳೆಹಣ್ಣು ಅಲ್ಲದಿದ್ದರೆ ಮತ್ತೇನು? ಆ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಬಾಟಲಿಗೆ ಬರುತ್ತಿತ್ತು.

"ನಿಮಗೆ ಗೊತ್ತಿಲ್ಲ ಅಣ್ಣ," ಎಂದೆ. "ನಿಮ್ಮ ಎದುರಿಗೆ ತಿಂತಾನಾ? ಸಂಜೆ ಬರ್ತಾ ತಿಂತಿದ್ದ. ಸಿಪ್ಪೆ ಜೇಬಲ್ಲಿ ಇಟ್ಕೊಂಡು ಬರ್ತಿದ್ದ. ಅಂಗಿ ಒಗೆಯೋಳು ನಾನು, ನನಗೆ ಗೊತ್ತಿಲ್ವಾ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಮನುಷ್ಯರನ್ನು ಅರಿತ ಮುದುಕ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ತಿಳಿಯಿತು; ಯಾಕೆ ಎಂಬುದು ತಿಳಿಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬಾಗಿಲವರೆಗೆ ಹೋದ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನಿನ್ನ ಬಗ್ಗೆ ಅಂಗಡಿಯಲ್ಲಿ ಎಷ್ಟು ಹೇಳ್ತಿದ್ದ ಗೊತ್ತಾ? ನಮ್ಮಕ್ಕ ಅಂದ್ರೆ ಹೀಗೆ, ನಮ್ಮಕ್ಕ ಅಂದ್ರೆ ಹಾಗೆ ಅಂತ. ಬಾಯಿಲ್ಲದವನ ಮೇಲೆ ಹೀಗೆ ಹಾಕಬಾರದಿತ್ತಮ್ಮ."

ನಾನು ಅವರಿಗೆ ಕೈ ಮುಗಿದೆ. ಅವರು ತಿರುಗಿ ನೋಡದೆ ಹೋದರು. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ, ದಾರಿಯಲ್ಲಿ ಸಿಕ್ಕರೆ ಇಂದಿಗೂ ಆಚೆ ಬದಿಗೆ ದಾಟುತ್ತಾರೆ.

ಒಳಗೆ ಬಂದರೆ ಅಮ್ಮ ಗೋಡೆಗೆ ಒರಗಿ ಕೂತಿದ್ದಳು.

"ನೋಡಿದ್ಯಾ, ಪಾಪ ಅವರಿಗೂ ತಿಳಿಯದ ಹಾಗೆ ತಿಂದಿದಾನೆ. ಕಳ್ಳ." ಆ ಕೊನೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನು ಚಿಕ್ಕವನಿದ್ದಾಗ ಬೆಲ್ಲದ ಡಬ್ಬಿಗೆ ಕೈ ಹಾಕಿದರೆ ಹೀಗೇ ಅನ್ನುತ್ತಿದ್ದಳು. "ಹೋಗ್ಲಿ ಬಿಡು. ಹೋಗೋ ಜೀವ, ಒಂದಷ್ಟು ರುಚಿಯಾಗಿ ತಿಂದ್ಕೊಂಡಾದ್ರೂ ಹೋಯ್ತಲ್ಲ."

"ಹೌದಮ್ಮ."

ಸ್ವಲ್ಪ ಹೊತ್ತಿಗೆ ಅವಳು ಸೆರಗು ಹೊದ್ದು ಚಾಪೆಯ ಮೇಲೆ ಒರಗಿದಳು. ಎಂಟು ದಿನದಲ್ಲಿ ಮೊದಲ ಸಲ ಅವಳಿಗೆ ನಿದ್ದೆ ಹತ್ತಿತು. ಬಾಯಿ ಸ್ವಲ್ಪ ತೆರೆದು, ಉಸಿರು ಸಮವಾಗಿ ಬರತೊಡಗಿತು. ಹೊರಗೆ ಮತ್ತೆ ಯಾರದೋ ಹೆಜ್ಜೆ ಸದ್ದು ಕೇಳಿಸಿತು, ಮಾತಾಡಿಸಲು ಬಂದವರಿರಬೇಕು. ನಾನು ಮೆಲ್ಲಗೆ ಎದ್ದು ಹೋಗಿ ಹೊಸಿಲಿನ ಮೇಲೆ ಕೂತೆ, ಅವರು ಬಾಗಿಲು ಬಡಿಯುವ ಮೊದಲೇ ತಡೆಯೋಣ ಎಂದು.